ಬೆಟ್ಟಕ್ಕೂ ಹೊಳೆಗೂ ಕಾವಲಿನ ಕೆಲಸವೇ?

ಪತ್ರ: “ನಾನು ಬರೆಯುತ್ತಿರುವ ಕಾಲ್ಪನಿಕ ಕಾದಂಬರಿಯಲ್ಲಿ ಮುಗಿಲ್ನಾಡು ಎಂಬ ರಾಜ್ಯವಿದೆ. ಉತ್ತರಕ್ಕೆ ಹೆಗ್ಗೋಡೆ ಎಂಬ ಹಿಮದ ಬೆಟ್ಟಸಾಲು, ಅದರ ಬುಡದುದ್ದಕ್ಕೂ ಬಳಸುಹೊಳೆ. ಇವೆರಡರ ಕಾವಲಿನಿಂದಾಗಿ ಸಾವಿರ ವರ್ಷಗಳಲ್ಲಿ ಒಬ್ಬ ಶತ್ರುವೂ ಒಳಗೆ ಬಂದಿಲ್ಲ. ಇದು ನಂಬುವಂತಿಲ್ಲ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಕಲ್ಪನೆಯ ನಾಡಿಗೆ ಭೂಗೋಳದ ಹಂಗೇಕೆ?”

ಉತ್ತರ: ನೀವು ಕಳುಹಿಸಿದ ನಕ್ಷೆಯನ್ನು ಎರಡು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಬಳಸುಹೊಳೆ ಎಂಬ ಹೆಸರು ಬಹಳ ಹಿಡಿಸಿತು. ಕಲ್ಪನೆಗೆ ಹಂಗಿಲ್ಲ ಎಂಬ ಮಾತನ್ನೂ ಒಪ್ಪುತ್ತೇನೆ. ಬೆಟ್ಟದಲ್ಲಿ ಬೆಂಕಿಯುಗುಳುವ ಸರ್ಪವಿರಲಿ, ಹೊಳೆ ಮಾತನಾಡಲಿ, ನನ್ನ ತಕರಾರಿಲ್ಲ. ಆದರೆ ನಿಮ್ಮ ಗೆಳೆಯರು ಹೇಳಿದ್ದು ಸರಿ. ಸಾವಿರ ವರ್ಷ ಯಾರೂ ದಾಟದ ಬೆಟ್ಟ ಎಂದರೆ ಅಲ್ಲಿ ಯಾರೂ ಬದುಕಿಯೇ ಇಲ್ಲ ಎಂದಾಗುತ್ತದೆ.

ಈ ಜಗಳ ಹೊಸದಲ್ಲ. ಕ್ರಿ.ಪೂ. 218ರಲ್ಲಿ, ರೋಮ್‌ನ ಮೇಲೆ ದಂಡೆತ್ತಿ ಹೊರಟ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಆನೆಗಳನ್ನು ತೆಪ್ಪಗಳ ಮೇಲೆ ರೋನ್ ನದಿ ದಾಟಿಸಿ, ಆಮೇಲೆ ಆಲ್ಪ್ಸ್ ಹತ್ತಿ ಇಟಲಿಗೆ ಇಳಿದ. ಹೊಳೆಯನ್ನೂ ಬೆಟ್ಟವನ್ನೂ ಒಂದೇ ಯಾತ್ರೆಯಲ್ಲಿ ಗೆದ್ದವನು ಅವನು. ಆ ಕಥೆಯನ್ನು ಬರೆದವರಲ್ಲಿ ಕೆಲವರು ಆಲ್ಪ್ಸ್ ಪರ್ವತವನ್ನು ನರಮನುಷ್ಯ ಕಾಲಿಡಲಾಗದ ಜಾಗವಾಗಿಸಿ, ಕೊನೆಗೆ ದೇವರನ್ನು ತಂದು ದಾರಿ ತೋರಿಸಿದ್ದರು. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅವರ ಮೇಲೆ ಸಿಡಿದೆದ್ದ. ಬೆಟ್ಟದ ಆಚೀಚೆಯ ಗಾಲ್ ಜನ ಹ್ಯಾನಿಬಲ್‌ಗಿಂತ ಮೊದಲೇ ಎಷ್ಟೋ ಸಲ ದಾಟಿದ್ದರು, ಬೆಟ್ಟದ ಮೇಲೆಯೇ ಜನವಸತಿಯಿತ್ತು, ದಾರಿ ತೋರಿಸಲು ಆಚೆಯಿಂದ ಮುಖಂಡರೇ ಬಂದಿದ್ದರು ಎಂದು ಅವನು ಬರೆದ. ಅಷ್ಟು ಬರೆಯಲು ತಾನೇ ಆ ದಾರಿ ನಡೆದು ನೋಡಿ ಬಂದ. ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ. ರೋಮ್‌ನ ಮೇಲೆ ಸಿಟ್ಟಿದ್ದ ಬೆಟ್ಟದಾಚೆಯ ಜನರೇ ಕಾವಲನ್ನು ತೆರೆದವರು. ಕಲ್ಲು ಮೊದಲಿದ್ದಲ್ಲೇ ಇತ್ತು.

ನಿಮ್ಮ ನಕ್ಷೆಗೇ ಬರೋಣ. ಹೆಗ್ಗೋಡೆಯ ಕಣಿವೆದಾರಿಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚುತ್ತವೆ. ಆಗ ಹೊಳೆ ಸೊರಗಿರುತ್ತದೆ ಅಥವಾ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ದಾರಿ ತೆರೆಯುತ್ತದೆ. ಆಗ ಅದೇ ಹಿಮ ಕರಗಿ ಹೊಳೆ ಉಕ್ಕುತ್ತದೆ. ಒಂದು ಮಲಗಿದಾಗ ಇನ್ನೊಂದು ಎದ್ದಿರುತ್ತದೆ. ನೀರು ಇಳಿದಿದ್ದು ಹಿಮ ಇನ್ನೂ ಬೀಳದ ಕೆಲವೇ ವಾರಗಳಲ್ಲಿ ಮಾತ್ರ ಎರಡೂ ಮಲಗಿರುತ್ತವೆ. ಹ್ಯಾನಿಬಲ್ ತುದಿಗೇರಿದ್ದೂ ಚಳಿಗಾಲದ ಹೊಸ್ತಿಲಲ್ಲಿ, ಹೊಸ ಹಿಮ ಬೀಳತೊಡಗಿದಾಗ. ಆ ವಾರಗಳನ್ನು ಮುಗಿಲ್ನಾಡಿನ ಜನ ಏನೆಂದು ಕರೆಯುತ್ತಾರೆ? ಆಗ ತಾಯಂದಿರು ಮಕ್ಕಳಿಗೆ ಏನು ಹೇಳುತ್ತಾರೆ? ನಿಮ್ಮ ಹತ್ತು ಅಧ್ಯಾಯಗಳಲ್ಲಿ ಇದರ ಸುಳಿವಿಲ್ಲ.

ಮಳೆಯ ವಿಚಾರವೂ ಹಾಗೆಯೇ. ಎತ್ತರದ ಸಾಲು ಗಾಳಿಗೆ ಮುಖ ಕೊಟ್ಟ ಮಗ್ಗುಲಲ್ಲಿ ಮಳೆ ಸುರಿಸಿ, ಬೆನ್ನಿನ ಕಡೆ ಒಣಗಿಸುತ್ತದೆ. ನಿಮ್ಮ ನಾಡು ಹಸಿರಾಗಿರುವುದರಿಂದ ಶತ್ರುವಿನ ನಾಡು ಒಣಗಿರಲೇಬೇಕು. ಅವನು ಕೇವಲ ಕೇಡಿಗನಲ್ಲ, ಬಾಯಾರಿದವನು. ಇಷ್ಟು ದೊಡ್ಡ ಕಾರಣವನ್ನು ಕೈಯಲ್ಲೇ ಇಟ್ಟುಕೊಂಡು ಅವನಿಗೆ ಬರೀ ಕೆಂಪು ಕಣ್ಣು ಕೊಟ್ಟಿದ್ದೀರಲ್ಲ!

ಬೆಟ್ಟ, ಹೊಳೆ ಗಡಿಯ ಗೆರೆಯನ್ನು ಸರಿಯಾಗಿ ಎಳೆಯುತ್ತವೆ ಎಂಬುದೂ ಭ್ರಮೆ. ಅರ್ಜೆಂಟೀನಾ ಮತ್ತು ಚಿಲಿ 1881ರಲ್ಲಿ, ಆಂಡೀಸ್‌ನಲ್ಲಿ ನೀರನ್ನು ಇಬ್ಭಾಗಿಸುವ ಅತ್ಯುನ್ನತ ಶಿಖರಗಳೇ ಗಡಿ ಎಂದು ಒಪ್ಪಿದವು. ದಕ್ಷಿಣದಲ್ಲಿ ಶಿಖರಗಳ ಸಾಲೇ ಒಂದು ಕಡೆ, ನೀರು ಬೇರೆಯಾಗುವ ಜಾಗವೇ ಇನ್ನೊಂದು ಕಡೆ ಇತ್ತು. 1902ರಲ್ಲಿ ಬ್ರಿಟನ್ನಿನ ದೊರೆ ತೀರ್ಪು ಕೊಡಬೇಕಾಯಿತು. ಗಡಿಯಾಗಿದ್ದ ರಿಯೊ ಗ್ರಾಂಡೆ ನದಿ ಪಾತ್ರ ಬದಲಿಸಿ ಎಬ್ಬಿಸಿದ ತಗಾದೆಗೆ ಅಮೆರಿಕ ಮತ್ತು ಮೆಕ್ಸಿಕೊ ಒಪ್ಪಂದ ಮಾಡಿಕೊಂಡದ್ದು 1963ರಲ್ಲಿ.

ಯೌವನದಲ್ಲಿ ಒಮ್ಮೆ ಹೊಳೆ ದಾಟಲು ಹರಿಗೋಲಿಗಾಗಿ ಅರ್ಧ ದಿನ ಕಾದಿದ್ದೆ. ಅಂಬಿಗ ಆಚೆ ದಡದಲ್ಲಿ ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದ. ನನಗೆ ಗಡಿಯಾಗಿ ಕಂಡ ನೀರು ಅವನಿಗೆ ಮನೆಯ ಅಂಗಳವಾಗಿತ್ತು. ಅಂದಿನಿಂದ ನಕ್ಷೆಯ ನೀಲಿ ಗೆರೆಯನ್ನು ಬೇಲಿಯೆಂದು ಓದಲು ನನ್ನಿಂದಾಗಿಲ್ಲ.

ಈ ಕಚೇರಿಗೆ ಬರುವ ಹಸ್ತಪ್ರತಿಗಳಲ್ಲಿ ಆ ಅಂಬಿಗನೇ ಇರುವುದಿಲ್ಲ ಎಂಬುದು ನನ್ನ ಹಳೆಯ ಸಂಕಟ. ಅರಸರ ಹನ್ನೆರಡು ತಲೆಮಾರಿನ ವಂಶಾವಳಿ ಇರುತ್ತದೆ. ಉಪ್ಪು ಎಲ್ಲಿಂದ ಬರುತ್ತದೆ ಎಂಬ ಒಂದು ಸಾಲಿಲ್ಲ. ಒಂದೇ ನದಿ ಕವಲೊಡೆದು ಎರಡು ದಿಕ್ಕಿನ ಎರಡು ಸಮುದ್ರ ಸೇರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ನಕ್ಷೆ ಬರೆಯುವವರು ಅರಮನೆಯ ಉಪ್ಪರಿಗೆಯಲ್ಲಿ ಕೂತು ಬರೆಯುತ್ತಾರೆ; ಅಲ್ಲಿಂದ ದೂರದ ಬೆಟ್ಟ ನುಣ್ಣಗೇ ಕಾಣಬೇಕು. ವಿಮರ್ಶಕರೂ ಕತ್ತಿ ಎಣಿಸುತ್ತಾರೆಯೇ ಹೊರತು ಕಡವು ಎಣಿಸುವುದಿಲ್ಲ.

ನಿಮಗೆ ಭಾಷೆ ಒಲಿದಿದೆ, ಆದ್ದರಿಂದಲೇ ಇಷ್ಟು ಕಟುವಾಗಿ ಬರೆದಿದ್ದೇನೆ. ನಕ್ಷೆಯನ್ನು ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಬಳಸುಹೊಳೆಯಲ್ಲಿ ದೋಣಿ ಕಟ್ಟುವ ಜಾಗಗಳನ್ನೂ ಕುರುಬರು ಮಂದೆ ಹೊಡೆದುಕೊಂಡು ಹೋಗುವ ಕಣಿವೆದಾರಿಯನ್ನೂ ಗುರುತಿಸಿ, ಅಲ್ಲಿ ವಾಸವಾಗಿರುವವರ ಹೆಸರು ಬರೆದು ಕಳುಹಿಸಿ. ಹನ್ನೊಂದನೆಯ ಅಧ್ಯಾಯವನ್ನು ಆಮೇಲೆ ಓದುತ್ತೇನೆ.

– ಸಂಪಾದಕ