ಅತ್ತೆ ಏನನ್ನೂ ಬಿಸಾಕಕ್ಕೆ ಬಿಡಲ್ಲ, ಇದಕ್ಕೆ ಟ್ರೀಟ್‌ಮೆಂಟ್ ಇದ್ಯಾ?

ಮನೆ ತುಂಬಾ ಹಳೇ ಪೇಪರ್, ಕವರ್, ಖಾಲಿ ಡಬ್ಬ, ಮಂಚದ ಮೇಲೂ ಮಲಗಕ್ಕೆ ಜಾಗ ಇಲ್ಲ, ಅತ್ತೆ ಊರಿಗೆ ಹೋದಾಗ ಎಲ್ಲಾ ಗುಜರಿಗೆ ಹಾಕ್ಬಿಡ್ಲಾ ಅಂತ ಕೇಳಿದೀರ. ದಯವಿಟ್ಟು ಹಾಗ್ ಮಾಡ್ಬೇಡಿ, ನಾನು ಮಾಡಿ ಅನುಭವಿಸಿದೀನಿ. ನಮ್ಮಪ್ಪಂದೂ ಇದೇ ಕಥೆ, ಅವ್ರು ಅರಸೀಕೆರೆಗೆ ಮದುವೆಗೆ ಹೋದಾಗ ಎರಡು ಗಾಡಿ ಸಾಮಾನು ಸಾಗಿಸ್ದೆ. ವಾಪಸ್ ಬಂದೋರು ಮಾರನೇ ದಿನ ಗುಜರಿ ಅಂಗಡಿಗೇ ಹೋಗಿ ಅರ್ಧ ದುಡ್ಡು ಕೊಟ್ಟು ಬಿಡಿಸ್ಕೊಂಡು ಬಂದ್ರು, ನನ್ ಜೊತೆ ತಿಂಗಳುಗಟ್ಲೆ ಸರಿಯಾಗಿ ಮಾತಿಲ್ಲ, ಆಮೇಲೆ ರೂಮಿಗೆ ಬೀಗ ಬೇರೆ!

ಇದು ಜಿಪುಣತನ, ಸೋಮಾರಿತನ ಅಲ್ಲ ರೀ. ಹೋರ್ಡಿಂಗ್ ಡಿಸಾರ್ಡರ್, ಅಂದ್ರೆ ಬಿಸಾಕಕ್ಕಾಗದೆ ಕೂಡಿಡೋ ಕಾಯಿಲೆ ಅಂತಾರೆ, ಮೊದ್ಲು ಓಸಿಡಿ (ಗೀಳು ಕಾಯಿಲೆ) ಜೊತೆ ಸೇರಿಸ್ತಿದ್ರು, 2013ರಲ್ಲಿ ಡಿಎಸ್ಎಂ-5 ಅನ್ನೋ ಅಮೆರಿಕದ ಮಾನಸಿಕ ಕಾಯಿಲೆಗಳ ಕೈಪಿಡೀಲಿ ಬೇರೆ ಕಾಯಿಲೆ ಅಂತ ಸೇರಿಸಿದ್ರು. ಇದಕ್ಕೇ ಅಂತ ಮಾತ್ರೆ ಇಲ್ಲ, ಜೊತೆಗೆ ಡಿಪ್ರೆಶನ್ ಇದ್ರೆ ಅದಕ್ಕೆ ಕೊಡ್ತಾರೆ. ಮುಖ್ಯ ಚಿಕಿತ್ಸೆ ಅಂದ್ರೆ ಸಿಬಿಟಿ, ಯೋಚನೆ, ಅಭ್ಯಾಸ ಬದಲಾಯಿಸೋ ಮಾತಿನ ಚಿಕಿತ್ಸೆ, ರ್ಯಾಂಡಿ ಫ್ರಾಸ್ಟ್, ಗೇಲ್ ಸ್ಟೆಕೆಟಿ ಅನ್ನೋ ಅಮೆರಿಕದ ಸಂಶೋಧಕರು ಇದಕ್ಕೇ ಅಂತ ರೂಪಿಸಿದ್ದು, ಸುಮಾರು 26 ಸೆಷನ್, ಮಧ್ಯೆ ಮಧ್ಯೆ ಥೆರಪಿಸ್ಟ್ ಮನೆಗೇ ಬರ್ತಾರೆ.

ನಮ್ ಮನೆಗೆ ಬಂದ ಸೈಕಾಲಜಿಸ್ಟ್ ಒಂದು ಸಾಮಾನನ್ನೂ ತಾವಾಗಿ ಮುಟ್ಲಿಲ್ಲ, ಒಂದೇ ಒಂದು ಡಬ್ಬ ತನ್ನಿ ಸಾರ್ ಅಂದ್ರು ಅಷ್ಟೆ. ಅಪ್ಪ ಕೆಟ್ಟಿರೋ ಟ್ಯೂಬ್‌ಲೈಟ್ ಚೋಕ್‌ಗಳ ಡಬ್ಬ ತಂದ್ರು. ಯಾಕೆ ಇಟ್ಕೊಂಡಿದೀರ? ರಿಪೇರಿಗೆ ಬರುತ್ತಮ್ಮ. ಹೋದ್ ಸಲ ಯಾವಾಗ ಬಂತು? ಅಪ್ಪ ತಲೆ ಎತ್ತಿ ನೋಡಿದ್ರು, ಮನೇಲಿ ಇರೋದೆಲ್ಲಾ ಎಲ್ಇಡಿ, ಅವ್ರಿಗೇ ನಗು ಬಂತು. ಇದನ್ನ ಕೊಟ್ರೆ ನೂರಕ್ಕೆ ಎಷ್ಟು ಸಂಕಟ ಆಗುತ್ತೆ ಅಂದಿದ್ದಕ್ಕೆ 80 ಅಂದ್ರು, ಒಂದು ವಾರ ಆದ್ಮೇಲೆ ಕೇಳಿದ್ರೆ 15! ಇದೇ ಪ್ರಾಕ್ಟೀಸು, ಬೇರೆ ಬೇರೆ ಸಾಮಾನಲ್ಲಿ, ಅವ್ರ ಕೈಯಲ್ಲೇ ತೀರ್ಮಾನ. ಇನ್ನೊಂದು ಹೋಮ್‌ವರ್ಕು ಅಂದ್ರೆ ಚಿಕ್ಕಪೇಟೆ ಸಂಡೆ ಬಜಾರಲ್ಲಿ ಸುತ್ತಾಡಿ ಏನೂ ತಗೊಳ್ದೆ ಬರೋದು, ಮೊದಲ ಸಲ ಒಂದು ಸ್ಕ್ರೂಡ್ರೈವರ್ ಜೇಬಲ್ಲಿ ಬಂತು ಅನ್ನಿ.

ನಿಮ್ಮತ್ತೆ ನಂಗೇನಾಗಿದೆ ಅಂತಾರೆ, ಗ್ಯಾರಂಟಿ. ಅಪ್ಪನೂ ಅಂದ್ರು. ಅದಕ್ಕೇ ಶುರುವಿನ ಸೆಷನ್‌ಗಳಲ್ಲಿ ಕ್ಲೀನಿಂಗ್ ಮಾತೇ ಎತ್ತಲ್ಲ, ನಿಮಗೆ ಮನೇಲಿ ಏನಾಗ್ಬೇಕು ಅಂತ ಅವ್ರ ಬಾಯಲ್ಲೇ ಹೇಳಿಸ್ತಾರೆ. ಅಪ್ಪಂಗೆ ಬೇಕಿದ್ದದ್ದು ಮೊಮ್ಮಗಳು ರೂಮಿಗೆ ಬಂದು ಕೂರೋದು, ಅವಳು ಧೂಳಿಗೆ ಸೀನ್ತಾಳೆ ಅಂತ ನಾವು ಬಿಡ್ತಿರ್ಲಿಲ್ಲ. ಆ ಒಂದು ಮಾತಿಂದ ದಾರಿ ಸಿಕ್ತು. ನೀವೂ ಬಿಸಾಕಿ ಅನ್ನೋದು ಬಿಟ್ಟು ಒಲೆ ಪಕ್ಕ, ಓಡಾಡೋ ದಾರಿ ಖಾಲಿ ಮಾಡೋದ್ರಿಂದ ಶುರು ಮಾಡಿ, ಬೆಂಕಿ ಹತ್ಕೊಳ್ಳೋ, ಎಡವಿ ಬೀಳೋ ಭಯ ಹೇಳಿದ್ರೆ ಒಪ್ತಾರೆ.

ಪೂರ್ತಿ ವಾಸಿ ಅಂತ ನಾನು ಸುಳ್ಳು ಹೇಳಲ್ಲ, ಸುಮಾರು ಜನಕ್ಕೆ ಕಮ್ಮಿ ಆಗುತ್ತೆ, ಹೋಗೇಬಿಡಲ್ಲ. ಅಪ್ಪನ ಅಟ್ಟ ಇನ್ನೂ ಫುಲ್ಲು, ಆದ್ರೆ ರೂಮಲ್ಲಿ ಒಂದು ಕುರ್ಚಿ ಜಾಸ್ತಿ ಹಾಕೋಷ್ಟು ಜಾಗ ಇದೆ. ಬೆಂಗಳೂರಾದ್ರೆ ನಿಮ್ಹಾನ್ಸಲ್ಲಿ ಓಸಿಡಿ ಕ್ಲಿನಿಕ್ ಇದೆ, ಅಲ್ಲಿ ವಿಚಾರಿಸಿ. ಬೇರೆ ಊರಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಅತ್ತೆ ಬರ್ದಿದ್ರೂ ಮೊದಲು ನೀವೇ ಮಾತಾಡ್ಬೋದು.