ಸರ ಅಡವಿನಲ್ಲಿದೆ, ಅಣ್ಣನ ಗೃಹಪ್ರವೇಶ ಹತ್ತಿರ ಬಂತು

ಪ್ರಶ್ನೆ: ನನಗೆ 36 ವರ್ಷ. ತುಮಕೂರಿನಲ್ಲಿ ಬಾಡಿಗೆ ಮನೆ. ನಮ್ಮ ಯಜಮಾನರಿಗೆ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಕೈಗೆ 28,000 ಬರುತ್ತದೆ. ಬಾಡಿಗೆ, ಬೈಕಿನ ಕಂತು, ಪೆಟ್ರೋಲು ಅವರೇ ನೋಡಿಕೊಳ್ಳುತ್ತಾರೆ. ಮನೆ ಖರ್ಚಿಗೆ ನನಗೆ 14,000 ಕೊಡುತ್ತಾರೆ. 2022ರ ಯುಗಾದಿಯಿಂದ ಅದೇ 14,000. ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಇದ್ದಾರೆ. ಅತ್ತೆಗೆ ಬರುವ ಗೃಹಲಕ್ಷ್ಮಿ ಹಣ ಅವರ ಔಷಧಿಗೇ ಸರಿಹೋಗುತ್ತದೆ. ನಾನು ಬ್ಲೌಸ್ ಹೊಲಿದು ತಿಂಗಳಿಗೆ ಎರಡು ಸಾವಿರ ನೋಡಿದರೆ ಹೆಚ್ಚು. ಸಾಲುತ್ತಿಲ್ಲ ಎಂದರೆ, 'ಟಿವಿಯಲ್ಲಿ ಹಣದುಬ್ಬರ ಇಳಿದಿದೆ ಅಂತಾರೆ, ನಿನಗೆ ಮಾತ್ರ ಏರಿದೆಯಾ? ನಿನಗೆ ಲೆಕ್ಕ ಬರಲ್ಲ' ಅನ್ನುತ್ತಾರೆ. 14 ತಿಂಗಳ ಹಿಂದೆ ಮಗಳ ಫೀಸಿಗೂ ಅಂಗಡಿ ಉದ್ರಿಗೂ ದಾರಿ ಕಾಣದೆ, ತವರಿನಲ್ಲಿ ಕೊಟ್ಟ 20 ಗ್ರಾಂ ಎರಡೆಳೆ ಸರವನ್ನು 60,000ಕ್ಕೆ ಗಿರವಿ ಇಟ್ಟೆ. ಯಾರಿಗೂ ಹೇಳಿಲ್ಲ. ತಿಂಗಳಿಗೆ 1,200 ಬಡ್ಡಿ ಕಟ್ಟುತ್ತಿದ್ದೇನೆ. ನನ್ನ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ಳುತ್ತಿದ್ದೇನೆ. ತಿಪಟೂರು ಕಡೆಯ ನನ್ನ ತವರಿನಿಂದ ಮೊದಲು ಕಾಯಿ ಮೂಟೆ ಬರುತ್ತಿತ್ತು, ಈಗ ಅದೂ ನಿಂತಿದೆ. ಅದಕ್ಕೂ ಯಜಮಾನರು ಚುಚ್ಚುತ್ತಾರೆ. ಮುಂದಿನ ತಿಂಗಳು ಅಣ್ಣನ ಮನೆಯ ಗೃಹಪ್ರವೇಶ. ಸರ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಅದೇ ಡಿಸೈನಿನ ಒನ್ ಗ್ರಾಂ ಗೋಲ್ಡ್ ಸರ ಹಾಕಿಕೊಂಡು ಹೋಗಲೇ? ಇಲ್ಲ, ಹೇಳಿಬಿಡಲೇ? ಅವರು ಕೈ ಎತ್ತುವವರಲ್ಲ. ಆದರೆ ಮಾತು ತುಂಬಾ ಖಾರ.
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಮಾತ್ರೆಯ ವಿಷಯ. ಸರಕ್ಕೆ ಇನ್ನೂ ಒಂದು ತಿಂಗಳು ಸಮಯವಿದೆ, ಇದಕ್ಕಿಲ್ಲ.

ಬಿ.ಪಿ. ಮಾತ್ರೆಯನ್ನು ವೈದ್ಯರು ದಿನಾ ಬರೆದಿದ್ದರೆ ದಿನಾ ತಗೊಳ್ಳಬೇಕು. ಒಂದು ದಿನ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಅಪಾಯ. ಒಳಗೆ ಒತ್ತಡ ಏರುತ್ತಲೇ ಇರುತ್ತದೆ. ನಿಮ್ಮ ಪತ್ರದ ಆ ಒಂದು ಸಾಲು ಓದಿ ನನಗೆ ತುಂಬಾ ಸಂಕಟವಾಯಿತು. ಅತ್ತೆಯ ಔಷಧಿ ತಪ್ಪಿಲ್ಲ, ಮಕ್ಕಳ ಹಾಲು ತಪ್ಪಿಲ್ಲ, ತಪ್ಪಿದ್ದು ನಿಮ್ಮದು ಮಾತ್ರ. ಜಿಲ್ಲಾಸ್ಪತ್ರೆಗೆ ಹೋಗಿ ಬಿ.ಪಿ., ಶುಗರ್ ನೋಡುವ ವಿಭಾಗದಲ್ಲಿ ತೋರಿಸಿ, ಅಲ್ಲಿ ಸಿಗುವ ಮಾತ್ರೆ ಕೇಳಿ. ಇಲ್ಲವೆಂದರೆ ನಿಮ್ಮ ಚೀಟಿ ಹಿಡಿದು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅದೇ ಔಷಧಿ ಅಲ್ಲಿ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ. ಇದನ್ನು ಈ ವಾರವೇ ಮಾಡಿ.

ಈಗ 'ನಿನಗೆ ಲೆಕ್ಕ ಬರಲ್ಲ' ಎಂಬ ಮಾತಿಗೆ ಬರೋಣ. ನಿಮಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ನಾಲ್ಕು ಸಾಲು ನಾನೇ ಬರೆದುಕೊಡುತ್ತೇನೆ, ನೋಡಿ.

2022ರ ಯುಗಾದಿಯಲ್ಲಿ ನಂದಿನಿ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 37 ರೂಪಾಯಿ. ಆ ವರ್ಷದ ನವೆಂಬರ್‌ನಲ್ಲಿ 39 ಆಯಿತು. 2023ರ ಆಗಸ್ಟ್‌ನಲ್ಲಿ 42. 2024ರ ಜೂನ್‌ನಲ್ಲಿ 50 ಮಿ.ಲೀ. ಜಾಸ್ತಿ ಹಾಕಿ ಎರಡು ರೂಪಾಯಿ ಏರಿಸಿದರು. 2025ರ ಏಪ್ರಿಲ್ 1ರಿಂದ ಆ 50 ಮಿ.ಲೀ. ಹೋಯಿತು, ಬೆಲೆ 46ಕ್ಕೆ ಬಂತು. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಲೀಟರ್ ಅಂದುಕೊಂಡರೆ, ಹಾಲಿಗೊಂದೇ ತಿಂಗಳಿಗೆ 405 ರೂಪಾಯಿ ಹೆಚ್ಚು. ಇದರಲ್ಲಿ ನಿಮ್ಮ ದುಂದು ಎಲ್ಲಿದೆ?

ಯಜಮಾನರು ಟಿವಿಯಲ್ಲಿ ಕೇಳಿದ್ದು ಸುಳ್ಳಲ್ಲ. 2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಬರೀ ಶೇ 0.25ಕ್ಕೆ ಇಳಿದಿತ್ತು. ಆದರೆ ಹಣದುಬ್ಬರ ಇಳಿಯಿತು ಅಂದರೆ ಬೆಲೆ ಏರುವ ವೇಗ ಇಳಿಯಿತು ಅಂತ ಅರ್ಥ. ಅವರು ಬೈಕಿನಲ್ಲಿ ದೇವರಾಯನದುರ್ಗ ಹತ್ತಿರಬಹುದು. ತಿರುವಿನಲ್ಲಿ ಗಾಡಿ ನಿಧಾನ ಮಾಡಿದರೆ ಬೆಟ್ಟ ಇಳಿದ ಹಾಗೆ ಆಗುತ್ತದೆಯೇ? ಹತ್ತಿದಷ್ಟು ಎತ್ತರದಲ್ಲೇ ಇರುತ್ತೇವೆ. ಆ ಅಕ್ಟೋಬರ್‌ನಲ್ಲಿ ಅಂಕಿ ಅಷ್ಟು ಕೆಳಗೆ ಬಂದದ್ದಕ್ಕೆ ದೊಡ್ಡ ಕಾರಣ, ತರಕಾರಿ ಮತ್ತು ಬೇಳೆ ಹಿಂದಿನ ವರ್ಷಕ್ಕಿಂತ ಅಗ್ಗವಾಗಿದ್ದು. ಸ್ಕೂಲ್ ಫೀಸು, ಹಾಲು, ತೆಂಗಿನಕಾಯಿ ಹಿಂದಕ್ಕೆ ಹೋಗಲಿಲ್ಲ.

ಅದಕ್ಕೂ ಮೊದಲಿನ ವರ್ಷಗಳನ್ನು ನೋಡಿ. ಸರ್ಕಾರದ ಲೆಕ್ಕದಲ್ಲೇ ವರ್ಷದ ಸರಾಸರಿ ಹಣದುಬ್ಬರ 2023-24ರಲ್ಲಿ ಶೇ 5.4, 2024-25ರಲ್ಲಿ ಶೇ 4.6. ಈ ಎರಡೇ ವರ್ಷ ಹಿಡಿದರೂ, 14,000ಕ್ಕೆ ಬರುತ್ತಿದ್ದ ಸಾಮಾನಿಗೆ ಸುಮಾರು 15,400 ಬೇಕು. ನಿಮ್ಮ ಕೈಯಲ್ಲಿ ಉಳಿಯುವುದು ಎಷ್ಟು? 14,000ದಲ್ಲಿ 1,200 ಬಡ್ಡಿಗೆ ಹೋದರೆ 12,800. ನಡುವಿನ 2,600ನ್ನು ನೀವು ಹೊಲಿಗೆ ಮಿಷನ್ನಿನಿಂದ, ನಿಮ್ಮ ತಟ್ಟೆಯಿಂದ, ನಿಮ್ಮ ಮಾತ್ರೆಯಿಂದ ತುಂಬಿಸುತ್ತಿದ್ದೀರಿ. ಇಷ್ಟು ದಿನ ಮನೆ ನಡೆದಿರುವುದು ಹಾಗೆ.

ಒಂದು ನೋಟ್ ಪುಸ್ತಕ ತಗೊಳ್ಳಿ. ಒಂದು ಪುಟದಲ್ಲಿ ಏರಿದ್ದು, ಪಕ್ಕದಲ್ಲಿ ಇಳಿದದ್ದು. ಇಳಿದದ್ದನ್ನು ಮರೆಯದೆ ಬರೆಯಿರಿ. ತೊಗರಿಬೇಳೆ 2024ರಲ್ಲಿ ಇದ್ದಷ್ಟು ದುಬಾರಿ ಆಮೇಲೆ ಉಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಬಂತು. ತುಪ್ಪದ್ದು 12ರಿಂದ 5ಕ್ಕೆ. ಗ್ಯಾಸ್ ಸಿಲಿಂಡರ್ 2022ರಲ್ಲಿ ಸಾವಿರ ದಾಟಿತ್ತು. 2023ರ ಆಗಸ್ಟ್‌ನಲ್ಲಿ 200, 2024ರ ಮಾರ್ಚ್‌ನಲ್ಲಿ 100 ಇಳಿಯಿತು. ಮತ್ತೆ 2025ರ ಏಪ್ರಿಲ್‌ನಲ್ಲಿ 50 ಏರಿತು. ಇಳಿದದ್ದನ್ನೂ ನೀವೇ ಬರೆದಿರುವುದು ಕಂಡರೆ, ಏರಿದ್ದನ್ನು ಅವರು ನಂಬುತ್ತಾರೆ.

ಇನ್ನು ನೀವು ಕೇಳಿದ ಪ್ರಶ್ನೆ. ಒನ್ ಗ್ರಾಂ ಗೋಲ್ಡ್ ಸರ ಬೇಡ. ದಯವಿಟ್ಟು ಬೇಡ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಮದುವೆಯಾದ ಹೊಸತರಲ್ಲಿ ನಾನೂ ಒಂದು ಜೊತೆ ಬಳೆ ಅಡ ಇಟ್ಟಿದ್ದೆ. ಮನೆಯವರು ಕೇಳಿದಾಗ ಎಲ್ಲೋ ಕಳೆದುಹೋಗಿದೆ ಅಂದೆ. ಅವರು ಎರಡು ದಿನ ಮಂಚದ ಕೆಳಗೆ, ಅಕ್ಕಿ ಡ್ರಮ್ಮಿನ ಹಿಂದೆ, ಬಚ್ಚಲಿನ ಜಾಲರಿಯಲ್ಲಿ ಹುಡುಕಿದರು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಆಮೇಲೆ ನಿಜ ತಿಳಿದಾಗ ಸಾಲದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. 'ನಾನು ಹುಡುಕುವಾಗ ನೋಡುತ್ತಾ ನಿಂತಿದ್ದೆಯಲ್ಲ' ಅಂದರು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನೀವು ಈವರೆಗೆ ಮಾಡಿರುವುದು ಕಷ್ಟಕ್ಕೆ ಸಾಲ ತಂದದ್ದು, ಹೇಳದೆ ಇದ್ದದ್ದು. ಡೂಪ್ಲಿಕೇಟ್ ಸರ ಹಾಕಿಕೊಂಡು ನಿಂತ ಗಳಿಗೆಯಿಂದ ಅದು ಮೋಸ ಅನ್ನಿಸಿಕೊಳ್ಳುತ್ತದೆ. ಹೆಂಗಸರು ಹತ್ತಿರದಿಂದ ಒಮ್ಮೆ ನೋಡಿದರೆ ಗೊತ್ತಾಗುತ್ತದೆ. ಅಣ್ಣನ ಮನೆಯಂಗಳದಲ್ಲಿ, ನೆಂಟರೆದುರು ಯಜಮಾನರಿಗೆ ತಿಳಿದರೆ ಅವರಿಗೂ ಅವಮಾನ, ನಿಮಗೂ ಅವಮಾನ.

ಹೇಳಲೇಬೇಕು ಅನ್ನಲು ಇನ್ನೊಂದು ಕಾರಣವೂ ಇದೆ, ಅದು ದುಡ್ಡಿನದ್ದು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದರೆ ಕಡಿಮೆ ಅನ್ನಿಸುತ್ತದೆ. ವರ್ಷಕ್ಕೆ ಅದು ಶೇ 24. ಈವರೆಗೆ ನೀವು 16,800 ಕಟ್ಟಿದ್ದೀರಿ, ಅಸಲು 60,000 ಹಾಗೇ ಕೂತಿದೆ. ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ 9–10ರ ಆಸುಪಾಸು ಬಡ್ಡಿ. ಅಲ್ಲಿಗೆ ಬದಲಾಯಿಸಿದರೆ ತಿಂಗಳ ಬಡ್ಡಿ 1,200ರಿಂದ ಸುಮಾರು 500ಕ್ಕೆ ಇಳಿಯುತ್ತದೆ. ಉಳಿದ 700ನ್ನು ಅಸಲಿಗೆ ಹಾಕಬಹುದು. ಚಿನ್ನ ಈಗಿರುವ ಬೆಲೆಯಲ್ಲಿ 20 ಗ್ರಾಂ ಸರ ಒಂದೂವರೆ ಲಕ್ಷಕ್ಕಿಂತ ಎಷ್ಟೋ ಮೇಲೆ ಬಾಳುತ್ತದೆ. 60,000ದ ಸಾಲಕ್ಕೆ ಅದು ಹರಾಜಿಗೆ ಹೋಗಬಾರದು. ಅಡವಿನ ಚೀಟಿ ತೆಗೆದು ವಾಯಿದೆ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ನೋಡಿ. ಬಡ್ಡಿ ಕಟ್ಟಿದ ರಸೀದಿಗಳನ್ನು ಒಂದು ಕಡೆ ಇಡಿ. ಕೊಟ್ಟಿಲ್ಲವೆಂದರೆ ಕೇಳಿ ಪಡೆಯಿರಿ.

ಆದರೆ ಸರ ಬಿಡಿಸಿಕೊಂಡು ಬ್ಯಾಂಕಿಗೆ ಒಯ್ಯಲು ಒಂದು ದಿನದ ಮಟ್ಟಿಗೆ 60,000 ಕೈಯಲ್ಲಿ ಬೇಕಲ್ವಾ? ಅಷ್ಟು ಕೈಸಾಲ ಗುಟ್ಟಾಗಿ ಹುಟ್ಟುವುದು ಕಷ್ಟ. ಗಂಡ ಹೆಂಡತಿ ಇಬ್ಬರೂ ಹೋಗಿ, ಇವತ್ತು ಕೊಡಿ, ಬ್ಯಾಂಕಿನ ಹಣ ಬಂದ ಕೂಡಲೇ ಕೊಡುತ್ತೇವೆ ಎಂದರೆ ಗೆಳೆಯರೋ ನೆಂಟರೋ ಕೊಡುತ್ತಾರೆ. ಗುಟ್ಟು ಉಳಿದಷ್ಟು ದಿನ ನೀವು ಆ 1,200 ಕಟ್ಟುತ್ತಲೇ ಇರಬೇಕು.

ಹೇಗೆ ಹೇಳುವುದು? ಶಿಫ್ಟ್ ಮುಗಿಸಿ ಬಂದ ರಾತ್ರಿ ಬೇಡ. ಅತ್ತೆ, ಮಕ್ಕಳ ಎದುರು ಬೇಡ. ಭಾನುವಾರ ಬೆಳಗ್ಗೆ ಇಬ್ಬರೇ ಅಮಾನಿಕೆರೆ ಕಡೆ ಹೋಗಿ ಬನ್ನಿ. ನಾಲ್ಕು ಜನ ಓಡಾಡುವ ಜಾಗದಲ್ಲಿ ದನಿ ತಾನಾಗಿಯೇ ತಗ್ಗುತ್ತದೆ. ಸರದ ವಿಷಯವನ್ನು ಮೊದಲೇ ಹೇಳಿಬಿಡಿ. ಲೆಕ್ಕದ ಪುಸ್ತಕ ಆಮೇಲೆ. ಮೊದಲು ಅರ್ಧ ಗಂಟೆ ಹಾಲು, ಎಣ್ಣೆ ಅಂತ ಹೇಳಿ ಕೊನೆಗೆ ಸರ ಅಂದರೆ, ಅಷ್ಟೂ ಲೆಕ್ಕ ತಪ್ಪು ಮುಚ್ಚಲು ಕಟ್ಟಿದ ಕತೆ ಅನ್ನಿಸುತ್ತದೆ. 'ರೀ, ಒಂದು ವಿಷಯ ಮುಚ್ಚಿಟ್ಟಿದ್ದೆ, ತಪ್ಪಾಯಿತು. ಸರ ಗಿರವಿಯಲ್ಲಿದೆ. ಮಗಳ ಫೀಸಿಗೆ, ಅಂಗಡಿ ಬಾಕಿಗೆ ಇಟ್ಟೆ. ಚೀಟಿ ಇಲ್ಲಿದೆ' ಅನ್ನಿ. ಇಷ್ಟೇ ಸಾಕು. ಅವರು ಸಿಡುಕಿದರೆ ಸಿಡುಕಲಿ, ನಡುವೆ ಬಾಯಿ ಹಾಕಬೇಡಿ. ತಪ್ಪಾಯಿತು ಎಂದು ಒಂದು ಸಲ ಹೇಳಿದರೆ ಸಾಕು, ಹತ್ತು ಸಲ ಬೇಡ. ಮುಚ್ಚಿಟ್ಟದ್ದಕ್ಕೆ ಕ್ಷಮೆ ಕೇಳಿ. ಮನೆ ನಡೆಸಿದ್ದಕ್ಕೆ ಕೇಳಬೇಡಿ. ಅವರು ಕೈ ಎತ್ತುವವರಲ್ಲ ಅಂದಿದ್ದೀರಿ, ನಂಬುತ್ತೇನೆ. ಯಾವತ್ತಾದರೂ ಹಾಗೆ ಆದರೆ 181ಕ್ಕೆ ಕರೆ ಮಾಡಿ, ಅದು ಮಹಿಳಾ ಸಹಾಯವಾಣಿ.

ಅವರು ಸಮಾಧಾನವಾದ ಮೇಲೆ ಪುಸ್ತಕ ಕೊಡಿ. ಆಗ ಅವರ ಲೆಕ್ಕವನ್ನೂ ಕೇಳಿ. 28,000ದಲ್ಲಿ ನಿಮ್ಮ 14,000 ಕಳೆದು, ಬಾಡಿಗೆ, ಕಂತು, ನೂರು ದಾಟಿದ ಪೆಟ್ರೋಲು ತೆಗೆದರೆ ಅವರ ಜೇಬಿನಲ್ಲೂ ಜಾಸ್ತಿ ಉಳಿಯುವುದಿಲ್ಲ. 'ಲೆಕ್ಕ ಬರಲ್ಲ' ಎನ್ನುವ ಸಿಡುಕಿನ ಹಿಂದೆ, 'ಇದಕ್ಕಿಂತ ಹೆಚ್ಚು ಕೊಡಲು ನನ್ನ ಹತ್ತಿರ ಇಲ್ಲ' ಎಂಬ ಸಂಕಟ ಇರಬಹುದು. ಗಂಡಸರು ಅದನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ಮುಂದಿನ ಯುಗಾದಿಯಿಂದ ಎಷ್ಟು ಎಂದು ಕೂತು ಮಾತಾಡಿ. ಪ್ರತಿ ವರ್ಷ ಯುಗಾದಿಗೆ ಆ ಮೊತ್ತವನ್ನು ಮತ್ತೆ ನೋಡುವುದು ಎಂದು ಈಗಲೇ ಒಪ್ಪಿಕೊಳ್ಳಿ. ಅತ್ತೆಯ 2,000ವನ್ನು ಮಾತ್ರ ಮುಟ್ಟಬೇಡಿ. ಅದು ಅವರ ಔಷಧಿಗೆ ಹೋಗುತ್ತಿದೆ, ಹೋಗಲಿ.

ಮಿತವ್ಯಯದ ಪಾಠ ನಿಮಗೆ ನಾನು ಹೇಳುವುದಿಲ್ಲ, ಹೇಳಲು ನಾಚಿಕೆಯಾಗುತ್ತದೆ. ಒಂದೇ ಒಂದು ಮಾತು. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ವಾರಕ್ಕೊಮ್ಮೆ ಅಂತರಸನಹಳ್ಳಿ ಮಾರುಕಟ್ಟೆಯಿಂದ ತರಕಾರಿ ತಂದು ಹಂಚಿಕೊಂಡರೆ, ಬೀದಿ ಕೊನೆಯ ಅಂಗಡಿಗಿಂತ ಉಳಿಯುತ್ತದೆ. ಕಾಯಿ ಬದಲು ವಾರದಲ್ಲಿ ಎರಡು ದಿನ ಹುಚ್ಚೆಳ್ಳು ಪುಡಿ, ಕಡಲೆಬೀಜದ ಚಟ್ನಿ ಮಾಡುವುದು ನಿಮಗೆ ಗೊತ್ತೇ ಇದೆ.

ಕಾಯಿ ಅಂದ ಮೇಲೆ ನಿಮ್ಮ ತವರಿನ ಮಾತು. ಮೂಟೆ ನಿಂತದ್ದಕ್ಕೆ ಅಣ್ಣನ ಮೇಲೆ ಮನಸ್ಸು ಕೆಡಿಸಿಕೊಳ್ಳಬೇಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ಬೆಳೆಗಾರರು ಬೀದಿಗಿಳಿದಿದ್ದರು. ಆಗ ನಿಮ್ಮ ಅಣ್ಣ ಕಳೆದುಕೊಂಡದ್ದು ಎಷ್ಟೋ. ಆಮೇಲೆ ಮರಗಳಿಗೆ ರೋಗ ಬಂದು ಇಳುವರಿ ಬಿತ್ತು, 2025ರಲ್ಲಿ ಬೆಲೆ 20,000 ದಾಟಿತು. ಕಾಯಿ ಕಡಿಮೆ, ಬೆಲೆ ಜಾಸ್ತಿ, ತಲೆ ಮೇಲೆ ಮನೆ ಕಟ್ಟಿದ ಖರ್ಚು. ಪ್ರತಿಯೊಂದು ಕಾಯಿಯನ್ನೂ ಅವರು ಎಣಿಸುವ ಕಾಲ ಇದು. ನೀವು ಹಾಲಿನ ಪ್ಯಾಕೆಟ್ ಎಣಿಸುತ್ತಿದ್ದೀರಲ್ಲ, ಹಾಗೆ. ಇದನ್ನು ಯಜಮಾನರಿಗೂ ಬಿಡಿಸಿ ಹೇಳಿ.

ಗೃಹಪ್ರವೇಶಕ್ಕೆ ಕರಿಮಣಿ, ಕಿವಿಯ ಓಲೆ, ಒಳ್ಳೆಯ ಒಂದು ಸೀರೆ ಸಾಕು. ಸರ ಎಲ್ಲಿ ಎಂದು ಕೇಳಿದವರಿಗೆ, 'ಬ್ಯಾಂಕಿನಲ್ಲಿದೆ' ಅನ್ನಿ. ಅಷ್ಟರೊಳಗೆ ಬದಲಾಯಿಸಿದರೆ ಅದು ನಿಜವೇ ಆಗಿರುತ್ತದೆ. ಮುಯ್ಯಿಗೆ ಸಾಲ ಮಾಡಬೇಡಿ. ಕೈಯಲ್ಲಿ ಇದ್ದಷ್ಟು ಇಟ್ಟು, ಹಿಂದಿನ ದಿನವೇ ಹೋಗಿ ಅತ್ತಿಗೆಯ ಜೊತೆ ಹೋಳಿಗೆಗೆ ಕೈ ಜೋಡಿಸಿ. ಹೊರಡುವಾಗ ಹೇಗೂ ಮಡಿಲಿಗೆ ಒಂದು ಕಾಯಿ ಹಾಕುತ್ತಾರೆ. ಆಗ ಸಂಕೋಚ ಬಿಟ್ಟು ಅಣ್ಣನನ್ನೇ ಕೇಳಿ: 'ಅಣ್ಣಾ, ಮೂಟೆ ಬೇಡ, ಮನೆಗೆ ಹತ್ತು ಕಾಯಿ ಹಾಕಿಕೊಡು.'