ತೆರಿಗೆ ಏರಿಸದೆ ಪಾಲಿಕೆ ನಡೆಸೋಕೆ ಆಗಲ್ವಾ?

ನಮಸ್ಕಾರ ಸರ್. ತುಮಕೂರಿನಲ್ಲಿ ಆಸ್ತಿ ತೆರಿಗೆ ಏರಿಸದೆ ಪಾಲಿಕೆ ಬಜೆಟ್ ಸರಿದೂಗಿಸಬಹುದೇ ಅಂತ ಕೇಳಿದ್ದೀರಿ. ಪೂರ್ತಿ ತಡೆಯೋದು ಕಷ್ಟ. ರಾಜ್ಯದ ಪಾಲಿಕೆ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ನಂತರ ವರ್ಷಕ್ಕೆ ಶೇ. 3ರಿಂದ 5ರಷ್ಟು ಏರಿಕೆ ಕಾನೂನಿನಲ್ಲೇ ಇದೆ. ಆದರೆ ಅದನ್ನು ಶೇ. 3ಕ್ಕೇ ನಿಲ್ಲಿಸೋದು ಸಾಧ್ಯ ಅನ್ನೋದು ನನ್ನ ನಂಬಿಕೆ.

ಮೊದಲು ತೆರಿಗೆ ಜಾಲಕ್ಕೆ ಬಾರದವರನ್ನು ಹುಡುಕಬೇಕು. ನಮ್ಮ ಬೀದಿಯಲ್ಲೇ ಒಂದು ಕಟ್ಟಡ ಇದೆ: ಕೆಳಗೆ ಮೂರು ಅಂಗಡಿ, ಮೇಲೆ ಬಾಡಿಗೆ ಮನೆಗಳು, ಆದರೆ ಕಟ್ಟೋದು ಬರೀ ವಾಸದ ಮನೆ ತೆರಿಗೆ. ಮಾಲೀಕರೇ ಕಟ್ಟಡದ ವಿವರ ಬರೆದು ತೆರಿಗೆ ಲೆಕ್ಕ ಹಾಕುವ ಸ್ವಯಂ ಘೋಷಣೆ ಪದ್ಧತಿಯಲ್ಲಿ ಯಾರೂ ಬಂದು ಅಳೆದು ನೋಡದಿದ್ದರೆ ಹೀಗೇ ಆಗೋದು. ಪಕ್ಕದ ಮನೆಯ ಪಿಂಚಣಿದಾರರು ಮಾತ್ರ ಏಪ್ರಿಲ್‌ನಲ್ಲೇ ಶೇ. 5ರ ರಿಯಾಯಿತಿಗೆ ಓಡಿಹೋಗಿ ಪೂರ್ತಿ ಕಟ್ಟುತ್ತಾರೆ. ಇದು ನ್ಯಾಯವಲ್ಲ.

ಖರ್ಚಿನ ಕಡೆ ನೀರು ನೋಡಿ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಪಂಪ್ ಆಗಿ ಊರಿಗೆ ಬರಬೇಕು. ಒಡೆದ ಪೈಪಿನಲ್ಲಿ ಸೋರುವ ನೀರಿಗೂ ನಾವು ಕರೆಂಟ್ ಬಿಲ್ ಕಟ್ಟುತ್ತಿರುತ್ತೇವೆ. ಸೋರಿಕೆ ನಿಲ್ಲಿಸಿ, ಅನಧಿಕೃತ ನಲ್ಲಿಗಳನ್ನು ಸಕ್ರಮ ಮಾಡಿದರೆ ಬಹಳ ಉಳಿಯುತ್ತೆ.

ಅನುದಾನ ಬರುತ್ತಲ್ಲ ಅಂತ ಸುಮ್ಮನಿರಬೇಡಿ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ 2021–26ರಲ್ಲಿ ಕೇಂದ್ರದಿಂದ ನಮ್ಮಂಥ ನಗರಗಳಿಗೆ ಬಂದ ಹಣದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಪಾಲನ್ನು ಬೀದಿದೀಪಕ್ಕೆ ತಿರುಗಿಸೋಕೆ ಆಗ್ತಿರಲಿಲ್ಲ.

ಬಜೆಟ್ ಪೂರ್ವ ಸಭೆಗೆ ದಯವಿಟ್ಟು ಹೋಗಿ, ನಿಮ್ಮ ವಾರ್ಡಿನ ತೆರಿಗೆ ಬಾಕಿ ಎಷ್ಟು ಅಂತ ಲಿಖಿತವಾಗಿ ಕೇಳಿ.